ನೀಲಿ ಕಾರ್ಡಿನವರು

ಮಿಷಿನಿಗೆ ಜಾತಿ ಇಲ್ಲ ಎಂದು ಕೇರಿಯಲ್ಲಿ ಮೊದಲು ಸಾರಿದವಳು ಎರ್ರೆಮ್ಮ. ಸಾರಿ ಸುಮ್ಮನಿರಲಿಲ್ಲ. ನಂಬದವರ ಜೊತೆ ಜಗಳ ಆಡಿದ್ದಳು. ಯುಗಾದಿಯ ದಿನ ಆ ಮಿಷಿನಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಬಂದಿದ್ದಳು. ಅವಳು ಹುಟ್ಟಿದಾಗ ಆ ಕಡೆಯ ಅವಧೂತ ಎರ್ರಿತಾತನನ್ನು ನೆನೆದು ಹೆಸರಿಟ್ಟಿದ್ದರು. ಗಡಿಯ ಆಚೆ ತೆಲುಗಿನಲ್ಲಿ ಎರ್ರಿ ಅಂದರೆ ಹುಚ್ಚಿ. "ನಮ್ಮವ್ವ ತಾತನ್ನ ನೆನಸಿ ಇಟ್ಟಳೋ, ನನ್ನ ಮುಖ ನೋಡಿ ಇಟ್ಟಳೋ" ಎಂದು ಅವಳೇ ಹೇಳಿಕೊಂಡು ನಗುತ್ತಾಳೆ.

ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಒಳಗೆ ಹೊರಳಿದರೆ ಅವಳ ಊರು. ಮಾದಿಗರ ಕೇರಿ ಊರಿನ ತಗ್ಗಿನಲ್ಲಿದೆ. ಕೇರಿಯ ಬೋರಿನ ನೀರು ಸವುಳು. ಅದರಲ್ಲಿ ಬೇಳೆ ಬೇಯುವುದಿಲ್ಲ. ಕುಡಿದ ಮಕ್ಕಳ ಹಲ್ಲು ಕಂದುತ್ತವೆ. ಕಾಲುವೆಗೆ ನೀರು ಬಿಟ್ಟಾಗ ಕಾಲುವೆ ನೀರು. ಕಾಲುವೆ ಬಂದ್ ಆದಾಗ ಮೇಲಿನ ಓಣಿಯ ಬಾವಿ. ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕೊಡ ಇಟ್ಟುಕೊಂಡು ದೂರ ನಿಲ್ಲಬೇಕಿತ್ತು. ಯಾರಿಗಾದರೂ ಮನಸ್ಸು ಬಂದರೆ ಮೇಲಿನಿಂದ ಸುರಿಯುತ್ತಿದ್ದರು. ಅರ್ಧ ಕೊಡಕ್ಕೆ, ಅರ್ಧ ಮೈಮೇಲೆ. ಮದುವೆಯಾಗಿ ಬಂದ ಹೊಸತರಲ್ಲಿ ಎರ್ರೆಮ್ಮ ದಿನಾ ತೊಯ್ದ ಸೀರೆಯಲ್ಲಿ ಮನೆಗೆ ಬರುತ್ತಿದ್ದಳು. ಅವಳ ಗಂಡ ಉಚ್ಚೆಂಗೆಪ್ಪ, "ಊರಾಗ ಮಳಿ ಆಗಲಿಲ್ಲಂದ್ರೂ ನಿನಗ ಮಾತ್ರ ಆಗತೈತಲ್ಲ" ಎನ್ನುತ್ತಿದ್ದ.

ಆಮೇಲೆ ಪಂಚಾಯ್ತಿಯ ಮುಂದೆ ಕುಡಿಯುವ ನೀರಿನ ಮಿಷಿನು ಬಂತು. ತಗಡಿನ ಕೋಣೆ, ಮುಂದೊಂದು ಕಟ್ಟೆ, ಒಂದು ನಲ್ಲಿ. ಕಾರ್ಡು ಹಿಡಿದರೆ ಹಸಿರು ದೀಪ ಹತ್ತಿ ನೀರು ಬೀಳುತ್ತಿತ್ತು. ಕೇರಿಯವರಿಗೆ ಯಾವುದೋ ಯೋಜನೆಯಲ್ಲಿ ಮೊದಲೇ ನೀಲಿ ಕಾರ್ಡು ಪುಕ್ಕಟೆ ಕೊಟ್ಟರು. ಮೇಲಿನ ಓಣಿಯವರು ವರ್ಷದ ಮೇಲೆ ಹಳದಿ ಕಾರ್ಡು ಕೊಂಡರು. ಪುಕ್ಕಟೆಯದು ತಮಗೇ ಮೊದಲು ಸಿಕ್ಕಿತೆಂದು ಎರ್ರೆಮ್ಮನಿಗೆ ಜಂಭ.

ಮೊದಲ ದಿನ ಅವಳು ಕಟ್ಟೆ ಹತ್ತಿದಳು. ನಲ್ಲಿಯ ಮೂತಿ ಹಿಡಿದು ತಿಕ್ಕಿ ತೊಳೆದಳು. ಯಾರೂ ಏನೂ ಅನ್ನಲಿಲ್ಲ. ಅನ್ನಬೇಕಾದ ಜಾಗದಲ್ಲಿ ಮನುಷ್ಯರೇ ಇರಲಿಲ್ಲ. ಬರೀ ಕಬ್ಬಿಣ. ಕೊಡ ತುಂಬಿತು. ಸೀರೆ ತೊಯ್ಯಲಿಲ್ಲ. ಅವಳು ಕೇರಿಗೆ ಓಡಿ ಬಂದು ಕೂಗಿದಳು, "ಬರ್ರೇ, ಮಿಷಿನಿಗೆ ಜಾತಿ ಇಲ್ಲ!"

ಪಕ್ಕದ ಮನೆಯ ಪಾರಮ್ಮ ವಯಸ್ಸಾದವಳು. ಅಷ್ಟು ಸುಲಭಕ್ಕೆ ನಂಬುವವಳಲ್ಲ. "ಅದಕ್ಕಿಲ್ಲ ಬಿಡು. ಅದನ್ನ ಇಟಗೊಂಡೋರಿಗೆ ಐತಲ್ಲ" ಎಂದಳು.

"ನಿನಗ ಒಳ್ಳೇದು ಕಣ್ಣಿಗೆ ಕಾಣಂಗೇ ಇಲ್ಲ ನೋಡು" ಎಂದು ಎರ್ರೆಮ್ಮ ಬೈದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟಳು. ಒಂದು ನಲ್ಲಿಗಾಗಿ.

ಉಚ್ಚೆಂಗೆಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಅಲ್ಲೇ ಉಳಿದು ವಾರದ ರಜೆಗೆ ಮನೆಗೆ ಬರುತ್ತಾನೆ. ಚೀಲ ಹೊತ್ತು ಅವನ ಕುತ್ತಿಗೆ ಒಂದು ಕಡೆಗೆ ವಾಲಿದೆ. ಬಂದಾಗಲೆಲ್ಲ ಕೇಳುತ್ತಿದ್ದ, "ನಿನ್ನ ತಗಡಿನ ಗಂಡ ಹೆಂಗದಾನ?"

"ನಿನಗಿಂತ ಚಲೋ ಅದಾನ. ಕೇಳಿದ ಕೂಡಲೇ ಕೊಡತಾನ" ಎನ್ನುತ್ತಿದ್ದಳು ಎರ್ರೆಮ್ಮ.

ಹೀಗೆ ಕೆಲವು ವರ್ಷ ನಡೆಯಿತು.

ಮೆಣಸಿನಕಾಯಿ ಬಿಡಿಸುವ ಕಾಲ. ಒಂದು ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ ಎರ್ರೆಮ್ಮ ಕೊಡ ತಗೊಂಡು ಬಂದಳು. ಕಾರ್ಡು ಹಿಡಿದಳು. ಕೆಂಪು ದೀಪ ಹತ್ತಿತು. ಮಿಷಿನಿನೊಳಗಿಂದ ಒಂದು ಹೆಣ್ಣು ದನಿ ಮಾತಾಡಿತು. ಅದು ಮಾತಾಡುತ್ತದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

"ನಿಮ್ಮ ಕಾರ್ಡ್ ಸುರಕ್ಷಿತವಾಗಿಲ್ಲ. ದಯವಿಟ್ಟು ಮುಂದಿನವರಿಗೆ ಅವಕಾಶ ಮಾಡಿಕೊಡಿ."

ಕೈಗೆ ಹತ್ತಿದ ಕಾಯಿಯ ಘಾಟು ಕಾರ್ಡಿಗೂ ಹತ್ತಿರಬೇಕು ಎಂದುಕೊಂಡಳು. ಸೆರಗಿನಿಂದ ಒರೆಸಿದಳು. ಊದಿದಳು. ಹಿಂದೆ ಮುಂದೆ ಮಾಡಿ ಹಿಡಿದಳು. ಮತ್ತೆ ಅದೇ ದನಿ. ಆ ದನಿ ಎಷ್ಟು ಮೆತ್ತಗಿತ್ತೆಂದರೆ ಎರ್ರೆಮ್ಮ "ತಪ್ಪಾತ್ರಿ ಯವ್ವಾ" ಎಂದುಬಿಟ್ಟಳು. ತಗಡಿಗೆ. ಸುತ್ತ ನಿಂತವರೆಲ್ಲ ನಕ್ಕರು. ಅವಳೂ ನಕ್ಕಳು.

ಹಿಂದಿದ್ದ ಗುರುಬಸಮ್ಮ ಹಳದಿ ಕಾರ್ಡು ಹಿಡಿದಳು. ಹಸಿರು ದೀಪ. ನೀರು. ಪಾರಮ್ಮ ನೀಲಿ ಕಾರ್ಡು ಹಿಡಿದಳು. ಕೆಂಪು. ಮತ್ತೊಂದು ನೀಲಿ. ಕೆಂಪು. ನೀಲಿ ಇದ್ದವರೆಲ್ಲ ಕೇರಿಯವರೇ. ನಗು ನಿಂತಿತು.

ಮಿಷಿನಿನ ಕಮಿಟಿಗೆ ಕೊಟ್ಟೂರಪ್ಪ ಮುಖ್ಯಸ್ಥ. ಗುರುಬಸಮ್ಮನ ಗಂಡ. ಊರವರು ಗೌಡ್ರು ಎನ್ನುತ್ತಾರೆ. ಕೇರಿಯ ಹೆಂಗಸರು ಕಾಯಿ ಬಿಡಿಸುವುದು ಹೆಚ್ಚಾಗಿ ಅವನ ಹೊಲದಲ್ಲೇ. ಅವನು ಬಂದು, ಬಳ್ಳಾರಿಯ ಮಿಷಿನಿನ ಆಫೀಸಿಗೆ ಫೋನು ಮಾಡಿ, ಕೇಳಿ ಹೇಳಿದ.

"ರಾತ್ರಿ ತಾನಾಗೇ ಅಪ್‌ಡೇಟ್ ಆಗೇತಂತ. ಸೆಕ್ಯುರಿಟಿದು. ನೀಲಿ ಕಾರ್ಡು ಹಳೇವು, ಸೇಫ್ ಅಲ್ಲಂತ. ಹೊಸಾವು ಬರೋತನಕ ತಡೀರಿ. ನಾವೇನು ಮಾಡಿದ್ದಲ್ಲಪ್ಪ ಇದು, ಸಾಫ್ಟ್‌ವೇರ್ ಮಾಡಿದ್ದು."

"ಅಲ್ಲಿತನಕ ನೀರು, ಗೌಡ್ರೇ?" ಎಂದಳು ಕೇರಿಯ ಒಬ್ಬಳು.

"ನಾವಿಲ್ಲೇನು? ನಮ್ಮ ಕಾರ್ಡಿನಾಗ ಹಾಕತೀವಿ. ನೀರಿಗೆ ಇಲ್ಲ ಅಂದವರು ಯಾರು?"

ಎರ್ರೆಮ್ಮ ಎರಡೂ ಕೈ ಎತ್ತಿ ಮುಗಿದಳು. "ನಿಮ್ಮ ಉಪಕಾರ ಮರೆಯಂಗಿಲ್ರಿ ಗೌಡ್ರೇ" ಎಂದಳು. ಕೇರಿಯ ಪರವಾಗಿ ಎಲ್ಲರಿಗಿಂತ ಮುಂದೆ ನಿಂತು, ಜೋರಾಗಿ. ಹಾಗೆ ಕೈ ಮುಗಿದದ್ದು ನೆನಪಾದಾಗಲೆಲ್ಲ ಅವಳಿಗೆ ತನ್ನ ಕೈ ಕಡಿದುಕೊಳ್ಳಬೇಕೆನಿಸುತ್ತದೆ.

ಮೊದಲ ದಿನ ಗುರುಬಸಮ್ಮ ತನ್ನ ಕಾರ್ಡು ಹಿಡಿದಳು. ಕೇರಿಯವರು ತಾವೇ ನಲ್ಲಿಗೆ ಕೊಡ ಹಿಡಿದರು. ಮರುದಿನ ಮೇಲಿನ ಓಣಿಯ ಯಾರೋ, "ಅವರ ಕಾರ್ಡೇ ಸೇಫ್ ಇಲ್ಲಂತ, ನಲ್ಲಿ ಯಾಕ ಮುಟ್ಟತಾರ" ಎಂದರು. ಗುರುಬಸಮ್ಮ ತನ್ನ ಕ್ಯಾನಿಗೆ ಹಿಡಿದು ಅವರ ಕೊಡಕ್ಕೆ ಸುರಿಯತೊಡಗಿದಳು. ಅದರ ಮರುದಿನ, "ಕೊಡ ಕೆಳಗಿಡ್ರಿ, ಕ್ಯಾನಿಗೆ ತಗಲತೈತಿ" ಎಂದಳು. ಆಮೇಲೆ ಕಟ್ಟೆಯ ಕೆಳಗೆ ಒಂದು ಚಪ್ಪಡಿ ಕಲ್ಲು ಬಂತು. ಯಾರು ತಂದು ಹಾಕಿದರೋ. ಕೊಡ ಅದರ ಮೇಲೆ ಇಡಬೇಕು, ಇಟ್ಟು ಹಿಂದೆ ಸರಿಯಬೇಕು. ಅದೂ ಮೇಲಿನ ಓಣಿಯದೆಲ್ಲ ಮುಗಿದ ಮೇಲೆ. ಯಾರೂ ಬೈಯಲಿಲ್ಲ. ಯಾರೂ ಹೊಡೆಯಲಿಲ್ಲ. "ಹೊಸಾ ಕಾರ್ಡು ಬರೋತನಕ ಅಷ್ಟ" ಎಂದು ಎಲ್ಲರೂ ಹೇಳುತ್ತಿದ್ದರು.

ಕ್ಯಾನು ಭಾರ. ನೀರು ಅರ್ಧ ಕೊಡಕ್ಕೆ, ಅರ್ಧ ಹೊರಗೆ. ಒಂದು ದಿನ ಕೊಡ ಎತ್ತಲು ಬಗ್ಗಿದ ಎರ್ರೆಮ್ಮನ ಬೆನ್ನ ಮೇಲೆ ಬಿತ್ತು. ತಣ್ಣಗಿನ, ಶುದ್ಧವಾದ, ಮಿಷಿನಿನ ನೀರು. ಅವಳು ತೊಯ್ದ ಸೀರೆಯಲ್ಲಿ ಮನೆಗೆ ಬಂದಳು. ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ರಜೆಗೆ ಬಂದ ಉಚ್ಚೆಂಗೆಪ್ಪ ಸೀರೆ ನೋಡಿದ. ಅವತ್ತು ಅವನು ಚೇಷ್ಟೆ ಮಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಹೊಸ ಕಾರ್ಡು ಬರಲಿಲ್ಲ. ಕೇಳಿದಾಗಲೆಲ್ಲ ಕೊಟ್ಟೂರಪ್ಪ, "ಹೇಳೀನವಾ, ಬಳ್ಳಾರ್‍ಯಾಗ ಸಿಕ್ಕೊಂಡೈತಿ" ಎನ್ನುತ್ತಿದ್ದ.

ಪಾರಮ್ಮನ ಮಗಳು ಮೀನಾ ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳು ಹೇಳಿದಳು, "ಅತ್ತೀ, ಸಿಕ್ಕೊಂಡೈತೋ ಇಲ್ಲೋ ನಾವೇ ಹೋಗಿ ನೋಡೋಣ ನಡಿ. ಆ ಆಫೀಸು ಕಂಟೋನ್ಮೆಂಟಿನ್ಯಾಗ ಐತಿ."

ಎರ್ರೆಮ್ಮ ಕೂಲಿ ಬಿಟ್ಟು ಹೊರಟಳು. ಕೇರಿಯ ನೀಲಿ ಕಾರ್ಡುಗಳನ್ನೆಲ್ಲ ಕೂಡಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಬಸ್ಸಿನ ತುಂಬ ಆ ಗಂಟನ್ನು ಎದೆಗೆ ಒತ್ತಿ ಹಿಡಿದಿದ್ದಳು. ಬಾಜೂ ಕೂತವಳು ಮಠದ ಪ್ರಸಾದವೇನೋ ಎಂದು ಕೇಳಿದಳು.

ಆಫೀಸು ಗಿಡಗಳಿದ್ದ ಹಳೆಯ ಬಂಗಲೆಯಲ್ಲಿತ್ತು. ಎರ್ರೆಮ್ಮ ಹೊರಗೇ ಚಪ್ಪಲಿ ಬಿಟ್ಟಳು. ಗಾಜಿನ ಬಾಗಿಲ ಆಚೆ ಒಬ್ಬ ಹೆಂಗಸು ಇವಳನ್ನೇ ನೋಡುತ್ತಿದ್ದಳು. ಎರ್ರೆಮ್ಮ ಆಕೆಗೆ ನಮಸ್ಕಾರ ಮಾಡಿದಳು. ಆಕೆಯೂ ಮಾಡಿದಳು.

"ಅತ್ತೀ, ಅದು ನೀನೇ" ಎಂದಳು ಮೀನಾ.

ಒಳಗೆ ಹಂಪೇಶ್ ಎಂಬ ಹುಡುಗ ಕುಳಿತಿದ್ದ. ಆ ಕಡೆಯ ನೀರಿನ ಮಿಷಿನುಗಳನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿಕೊಳ್ಳುವವನು ಅವನೇ. ಕುರ್ಚಿ ಕೊಟ್ಟ. ಎರ್ರೆಮ್ಮ ಕೂರಲಿಲ್ಲ. ಮೇಜಿನ ಮೇಲೆ ಗಂಟು ಬಿಚ್ಚಿದಳು.

"ಇವಕ್ಕ ಏನು ರೋಗ ನೋಡಪ್ಪ."

ಹಂಪೇಶ್ ಒಂದು ಕಾರ್ಡು ತಿರುಗಿಸಿ ನೋಡಿದ. "ಅಮ್ಮಾ, ಇದರಾಗಿನ ಚಿಪ್ಪು ಹಳೇದು. ಇದನ್ನ ನಕಲು ಮಾಡಿ ಯಾರಾದ್ರೂ ನೀರು ಕದೀಬೋದು. ಅದಕ್ಕ ಅಪ್‌ಡೇಟಿನಾಗ ಬಂದ್ ಆಗ್ಯಾವು."

"ಯಾರು ಕದ್ದಾರ?"

"ಯಾರೂ ಕದ್ದಿಲ್ಲ. ಕದೀಬೋದು ಅಂತ."

"ಕದೀಬೋದು ಅಂತ ನಮ್ಮನ್ನ ಹೊರಗ ನಿಲ್ಲಸೋದು ಹಳೇ ಪದ್ಧತಿ. ನಿನ್ನ ಮಿಷಿನಿಗೆ ಅದನ್ನ ಯಾರು ಹೇಳಿಕೊಟ್ರು?"

ಅವನ ಮುಖ ಕೆಂಪಾಯಿತು. "ನಾವ್ಯಾರೂ ಮಾಡಿದ್ದಲ್ಲಮ್ಮ. ಆಟೋಮ್ಯಾಟಿಕ್. ರಾತ್ರಿ ಮ್ಯಾಲಿಂದ ಬರತೈತಿ, ತಾನಾಗೇ ಕುಂದ್ರತೈತಿ."

"ಹಂಗಾರ ಹಳೇದಕ್ಕ ಹೊಳ್ಳಿಸಿಬಿಡು."

"ಹಿಂದಕ್ಕ ಹೋಗಾಕ ಬರಂಗಿಲ್ಲಮ್ಮ. ಮುಂದಕ್ಕ ಅಷ್ಟ."

"ಮಿಷಿನು ಮುಂದಕ್ಕ ಹೋತು. ನಾವು ನಮ್ಮತ್ತಿ ಕಾಲಕ್ಕ ಬಂದು ಬಿದ್ವಿ."

ಅವನಿಗೆ ಅರ್ಥವಾಗಲಿಲ್ಲ. ಮೀನಾ ಹೇಳಿದಳು. ಚಪ್ಪಡಿ ಕಲ್ಲು, ಕ್ಯಾನು, ದೂರ ಸರಿಯುವುದು. ಮೀನಾ ಹೇಳುತ್ತಿದ್ದರೆ ಎರ್ರೆಮ್ಮ ಗೋಡೆ ನೋಡುತ್ತಿದ್ದಳು. ತನ್ನ ಮರ್ಯಾದೆ ಹೋದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಗೋಡೆಯ ಮೇಲಿನ ಕ್ಯಾಲೆಂಡರು ಬಹಳ ಚೆನ್ನಾಗಿ ಕಾಣುತ್ತದೆ.

ಹಂಪೇಶ್ ಕಂಪ್ಯೂಟರಿನ ಕಡೆ ತಿರುಗಿದ. ಏನೇನೋ ಒತ್ತಿ ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ.

"ಅಮ್ಮಾ, ಹೊಸಾ ಕಾರ್ಡು ತಡ ಆಗೋದು ಖರೇ. ಆದ್ರ ಅವು ಬರೋತನಕ ಹಳೇವು ನಡೀಲಿ ಅಂತ ಕಮಿಟಿ ಒಪ್ಪಿದ್ರ ಸಾಕು, ನಡೀತಾವು. ಎಲ್ಲಾ ಊರಾಗೂ ಹಂಗೇ ಮಾಡ್ಯಾರ. ಮುಖ್ಯಸ್ಥರ ಫೋನಿಗೆ ದಿನಾ ಬೆಳಿಗ್ಗೆ ಮೆಸೇಜ್ ಬಂದು ಕೇಳತೈತಿ, ಒಪ್ಪಿಗಿ ಐತೋ ಇಲ್ಲೋ ಅಂತ. ನಿಮ್ಮೂರಾಗ ಅವರು ದಿನಾ 'ಆಮೇಲೆ' ಅಂತ ಒತ್ತ್ಯಾರ."

"ಏನಂತ?"

"ಆಮೇಲೆ. ಆಮೇಲೆ ನೆನಪು ಮಾಡು ಅಂತ."

"ದಿನಾ?"

"ದಿನಾ."

ಎರ್ರೆಮ್ಮ ಕಾರ್ಡುಗಳನ್ನು ಮತ್ತೆ ಗಂಟು ಕಟ್ಟಿದಳು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಎಡದ್ದನ್ನು ಬಲಕ್ಕೆ ಹಾಕಿಕೊಂಡಳು. ಬಸ್‌ಸ್ಟ್ಯಾಂಡಿನ ತನಕ ಅದು ಅವಳಿಗೆ ತಿಳಿಯಲೇ ಇಲ್ಲ. ಮಿಷಿನನ್ನು ದೇವರು ಮಾಡಿದ್ದಳು. ಅದು ಕೆಟ್ಟಾಗ ದೆವ್ವ ಮಾಡಿದ್ದಳು. ಎರಡೂ ಅಲ್ಲ. ದಿನಾ ಬೆಳಿಗ್ಗೆ ಒಬ್ಬ ಮನುಷ್ಯ, ಚಾ ಕುಡಿಯುತ್ತ, ಹೆಬ್ಬೆರಳಿನಿಂದ ಅವಳನ್ನು ಪಕ್ಕಕ್ಕೆ ಸರಿಸುತ್ತಿದ್ದ. ಅವನಿಗೆ ಅವಳು ಕೈ ಮುಗಿದಿದ್ದಳು.

ಸಂಜೆ ಕೇರಿಯಲ್ಲಿ ಹೇಳಿದಳು. ಗಂಡಸರು ನೆಲ ನೋಡಿದರು. ಕಾಯಿ ಬಿಡಿಸುವ ಕೆಲಸ ಗೌಡ್ರದೇ. ಪಾರಮ್ಮ ಮಾತ್ರ, "ಈಗ ಕಂಡಿತಾ?" ಎಂದಳು. ಎರ್ರೆಮ್ಮ ಬೈಯಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಕೊಡ ತಗೊಂಡು ಹೋದರು. ಮೇಲಿನ ಓಣಿಯದು ಮುಗಿಯುವ ತನಕ ನಿಂತರು. ಕಟ್ಟೆಯ ಮೇಲೆ ಗುರುಬಸಮ್ಮ. ಪಕ್ಕದಲ್ಲಿ ಕೊಟ್ಟೂರಪ್ಪ ಹಲ್ಲು ಉಜ್ಜುತ್ತ ನಿಂತಿದ್ದ. ಎರ್ರೆಮ್ಮ ಚಪ್ಪಡಿಯ ಮೇಲೆ ಕೊಡ ಇಟ್ಟಳು. ಗುರುಬಸಮ್ಮ ಸುರಿದಳು. ಕೊಡ ತುಂಬಿತು. ಎರ್ರೆಮ್ಮ ಅದನ್ನು ಎತ್ತಿದಳು. ಎತ್ತಿ ಅಲ್ಲೇ ಬೋರಲು ಹಾಕಿದಳು. ನೀರು ಕೊಟ್ಟೂರಪ್ಪನ ಚಪ್ಪಲಿಯ ತನಕ ಹರಿಯಿತು.

"ಲೇ ಎರ್ರಿ! ತಲಿ ಕೆಟ್ಟೈತೇನು?"

"ಫೋನ್ ತೆಗೀರಿ ಗೌಡ್ರೇ. ಒಪ್ಪಿಗಿ ಒತ್ತರಿ."

ಅವನ ಬ್ರಷ್ಷು ಬಾಯಲ್ಲೇ ನಿಂತಿತು. "ಯಾರು ಹೇಳಿದ್ರು ನಿನಗ?"

"ಬಳ್ಳಾರ್‍ಯಾಗ ಹೇಳಿದ್ರು. ದಿನಾ ಆಮೇಲೆ ಅಂತ ಒತ್ತತೀರಂತ."

ಕೊಟ್ಟೂರಪ್ಪ ಉಗುಳಿದ. ಬಾಯಿ ಒರೆಸಿಕೊಂಡ. "ಏನೇನೋ ಬರತಾವು ಫೋನಿಗೆ. ಎಲ್ಲಾ ಓದಿಕೋತ ಕುಂದ್ರಾಕ ಆಗತೈತೇನು? ಒತ್ತೋಣಂತ ತಗೋ."

"ಈಗ."

"ಇಷ್ಟು ದಿನ ನನ್ನ ಕಾರ್ಡಿನಾಗ ನೀರು ಹಾಕೀನಲ್ಲ, ಮರ್ತೇನು?"

"ಮರ್ತಿಲ್ರಿ. ಮೈಮ್ಯಾಲ ಹಾಕಿದ್ದೂ ಮರ್ತಿಲ್ಲ."

"ಮೊದಲು ಹೊಲಕ್ಕ ನಡೀರಿ. ಕಾಯಿ ಒಣಗಿ ಉದುರಾಕ ಹತ್ಯಾವು. ಇದನ್ನ ಆಮ್ಯಾಲ ನೋಡೋಣ."

"ಹೊಲಕ್ಕೂ ಆಮ್ಯಾಲ ಬರತೀವಿ."

ಯಾರು ಹೇಳಿದ್ದು ಎಂದು ಎರ್ರೆಮ್ಮ ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳೇ ಹೇಳಿದ್ದು. ಉಚ್ಚೆ ಒತ್ತಿಕೊಂಡು ಬಂತು. ಬಂಡಾಯ ಮಾಡುವವರಿಗೆ ಹೀಗೆಲ್ಲ ಆಗುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಓಡಿಹೋಗಲು ಹಿಂದಕ್ಕೆ ತಿರುಗಿದಳು. ಅಷ್ಟರಲ್ಲಿ ಪಾರಮ್ಮ ಮುಂದೆ ಬಂದು ತನ್ನ ಕೊಡ ಬೋರಲು ಹಾಕಿದಳು. ಅದರಲ್ಲಿ ನೀರು ಇರಲಿಲ್ಲ. ಆದರೂ ಹಾಕಿದಳು. ಆಮೇಲೆ ಒಬ್ಬೊಬ್ಬರೇ ಹಾಕಿದರು.

ಕೇರಿಯವರು ಸವುಳು ನೀರು ಕುಡಿದರು. ಹೊಟ್ಟೆ ಕೆಟ್ಟವು. ಹೆಂಗಸರು ಎರ್ರೆಮ್ಮನಿಗೆ ಬೈದುಕೊಂಡೇ ಬಯಲಿಗೆ ಓಡಾಡಿದರು. ಅವಳು ಅವರಿಗಿಂತ ಹೆಚ್ಚು ಓಡಾಡಿದಳು. "ಮುಂದಾಳು ಅಂದ್ಮ್ಯಾಲ ಎಲ್ಲಾದ್ರಾಗೂ ಮುಂದಿರಬೇಕಲ್ಲ" ಎಂದಳು. ಆದರೆ ಯಾರೂ ಹೊಲಕ್ಕೆ ಹೋಗಲಿಲ್ಲ.

ಕೊಟ್ಟೂರಪ್ಪ ಕೆಂಚನಗುಡ್ಡದ ಕಡೆಯಿಂದ ಆಳು ತರಲು ನೋಡಿದ. ಅಲ್ಲಿಯವರಿಗೆ ಅಲ್ಲಿಯದೇ ಕೆಲಸ. ಯಾರೂ ಬರಲಿಲ್ಲ. ಕಡೆಗೆ ಅವನೂ ಗುರುಬಸಮ್ಮನೂ ತಾವೇ ಕಾಯಿ ಬಿಡಿಸಲು ಸಾಲು ಹಿಡಿದರು. ಒಂದೇ ದಿನ. ರಾತ್ರಿಯೆಲ್ಲ ಇಬ್ಬರೂ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕುಳಿತಿದ್ದರಂತೆ. ಬೆಳಿಗ್ಗೆ ಫೋನು ಕೇಳಿತು. ಗೌಡ್ರು ಉರಿಯುವ ಬೆರಳಿನಲ್ಲೇ ಒತ್ತಿದರಂತೆ. ಕೇರಿಯಲ್ಲಿ ಈ ಕಥೆಗೆ ಬೇಗ ಕೈಕಾಲು ಬಂದವು. ಎಷ್ಟು ಖರೆಯೋ ಯಾರಿಗೂ ಗೊತ್ತಿಲ್ಲ. ನೀಲಿ ಕಾರ್ಡಿಗೆ ಹಸಿರು ದೀಪ ಹತ್ತಿದ್ದಂತೂ ಖರೆ.

ಎರ್ರೆಮ್ಮ ಕಟ್ಟೆ ಹತ್ತಿ ಕೊಡ ತುಂಬಿದಳು. ಕುಂಕುಮ ಹಚ್ಚಲಿಲ್ಲ. ಅವತ್ತೇ ಎಲ್ಲರೂ ಹೊಲಕ್ಕೆ ಹೋದರು.

ಬಿಸಿಲು. ಬಗ್ಗಿದ ಸೊಂಟ. ಕಾಯಿಯ ಘಾಟಿಗೆ ಮೂಗು ಸುರಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಒರೆಸಿಕೊಂಡರೆ ಇನ್ನೂ ಉರಿ. ಉಗುರಿನ ಸಂದಿನಲ್ಲಿ ಕೆಂಡ ಇಟ್ಟ ಹಾಗೆ. ಮಧ್ಯಾಹ್ನ ಗುರುಬಸಮ್ಮ ಬುತ್ತಿಯ ಜೊತೆ ಬಿಂದಿಗೆಯಲ್ಲಿ ನೀರು ತಂದಳು. ಅವಳ ಬೆರಳುಗಳು ಇನ್ನೂ ಬಾತುಕೊಂಡಿದ್ದವು. ಹೆಂಗಸರು ಬದುವಿನ ಮೇಲೆ ಸಾಲಾಗಿ ಕುಳಿತರು. ಗುರುಬಸಮ್ಮ ಚೊಂಬಿನಲ್ಲಿ ತೋಡಿ, ಮೊದಲಿನಿಂದಲೂ ಮಾಡುವ ಹಾಗೆ, ಎರ್ರೆಮ್ಮನ ಮುಂದೆ ಬಂದು ಚೊಂಬು ಎತ್ತಿ ಹಿಡಿದಳು.

ಎರ್ರೆಮ್ಮ ಬೊಗಸೆ ಒಡ್ಡಿದಳು. ನೀರು ಬಿತ್ತು. ಕುಡಿದಳು. ತುಟಿ ಉರಿಯಿತು. ನಾಲಿಗೆ ಉರಿಯಿತು. ಯಾವಾಗಲೂ ಉರಿಯುತ್ತದೆ. ಬೊಗಸೆಗೆ ಹತ್ತಿದ ಖಾರವೆಲ್ಲ ನೀರಿನ ಜೊತೆ ಬಾಯಿಗೆ ಬರುತ್ತದೆ. ಕಾಯಿ ಹೊಲದ ನೀರೇ ಖಾರ ಎಂದು ಅವಳು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದಳು.

ನೀರು ಖಾರವಲ್ಲ. ಬೊಗಸೆ ಖಾರ.

ಅವಳಿಗೆ ತನ್ನ ಮೇಲೇ ನಗು ಬಂತು. ನೀರು ನೆತ್ತಿಗೆ ಹತ್ತಿ ಕೆಮ್ಮಿದಳು. ಬಳ್ಳಾರಿಯ ತನಕ ಹೋಗಿ ಮಿಷಿನಿನ ಮೇಲೆ ಜಗಳ ಆಡಿ ಬಂದ ಧೀರೆ, ಹೊಲದ ಬದುವಿನ ಮೇಲೆ ಬೊಗಸೆ ಒಡ್ಡಿಕೊಂಡು ಕುಳಿತಿದ್ದಾಳೆ. ಇಲ್ಲಿ ಯಾವ ಕಾರ್ಡೂ ಇಲ್ಲ. ಯಾವ ಅಪ್‌ಡೇಟೂ ಆಗಿಲ್ಲ.

"ಯಾಕ, ಏನಾತು?" ಎಂದಳು ಗುರುಬಸಮ್ಮ.

ಎರ್ರೆಮ್ಮ ಬೊಗಸೆ ಬಿಡಿಸಿದಳು. ಒಂದು ಕೈ ಚಾಚಿದಳು.

"ಚೊಂಬು ಇತ್ತ ಕೊಡ್ರಿ ಅಮ್ಮಾರ. ಕೈ ಖಾರ ಆಗ್ಯಾವು."

ಗುರುಬಸಮ್ಮನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಚೊಂಬನ್ನು ಎದೆಯ ಹತ್ತಿರಕ್ಕೆ ತಂದುಕೊಂಡಳು. ಅವಳು ಬಗ್ಗಿ ಚೊಂಬನ್ನು ಬದುವಿನ ಮೇಲೆ ಇಡಲು ಹೋದಳು.

"ನೆಲದ ಮ್ಯಾಲ ಬ್ಯಾಡ್ರಿ. ಕೈಯಾಗ ಕೊಡ್ರಿ."

ಗುರುಬಸಮ್ಮ ಅರ್ಧ ಬಗ್ಗಿದಲ್ಲೇ ನಿಂತಳು. ದೂರದಲ್ಲಿ ಚೀಲ ಹೊಲಿಯುತ್ತಿದ್ದ ಗಂಡನ ಕಡೆ ನೋಡಿದಳು. ಅವನು ನೋಡುತ್ತಿರಲಿಲ್ಲ. ತನ್ನ ಬಾತ ಬೆರಳುಗಳನ್ನು ನೋಡಿಕೊಂಡಳು. ಮುಖ ಗಂಟಿಕ್ಕಿಕೊಂಡೇ ಚೊಂಬು ಚಾಚಿದಳು.

ಎರ್ರೆಮ್ಮ ತೆಗೆದುಕೊಂಡಳು. ಚೊಂಬಿನ ಅಂಚಿಗೆ ಬಾಯಿ ಹಚ್ಚಿ ಕುಡಿದಳು. ನೀರು ತಣ್ಣಗಿತ್ತು. ಕುಡಿದು ಚೊಂಬನ್ನು ಗುರುಬಸಮ್ಮನಿಗೆ ವಾಪಸು ಕೊಡಲಿಲ್ಲ. ಪಕ್ಕದಲ್ಲಿದ್ದ ಪಾರಮ್ಮನ ಕೈಗೆ ಕೊಟ್ಟಳು.